ಮತ ಹಾಕುವ ಒಲವು ವಂಶವಾಹಿಯಲ್ಲಿದೆಯೇ?

ಪ್ರಶ್ನೆ: ನಾನು ರಾಜ್ಯಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ. ರಾಜಕೀಯ ಪಾಲ್ಗೊಳ್ಳುವಿಕೆಯ ಕುರಿತು ಓದುವಾಗ ‘ಮತ ಹಾಕುವ ಪ್ರವೃತ್ತಿಯ ಅರ್ಧಕ್ಕಿಂತ ಹೆಚ್ಚು ಪಾಲು ಹುಟ್ಟಿನಿಂದಲೇ ಬರುತ್ತದೆ’ ಎಂಬ ಮಾತನ್ನೂ ‘ಮತದಾನವನ್ನು ಎರಡು ಜೀನ್‌ಗಳು ಮುನ್ಸೂಚಿಸುತ್ತವೆ’ ಎಂಬ ಮಾತನ್ನೂ ಕಂಡೆ. ಅಣುಜೀವವಿಜ್ಞಾನ ಓದುತ್ತಿರುವ ನನ್ನ ತಮ್ಮ ಇವೆರಡನ್ನೂ ನಂಬಲು ಸಿದ್ಧನಿಲ್ಲ. ನಮ್ಮಿಬ್ಬರಲ್ಲಿ ಯಾರು ಸರಿ?

ಉತ್ತರ: ನೀವು ಕಂಡ ಎರಡು ಮಾತುಗಳೂ 2008ರಲ್ಲಿ ಪ್ರಕಟವಾದ ಎರಡು ಬೇರೆ ಬೇರೆ ಪ್ರಬಂಧಗಳಿಂದ ಹೊರಟವು. ಎರಡರಲ್ಲೂ ಜೇಮ್ಸ್ ಫೌಲರ್ ಮತ್ತು ಕ್ರಿಸ್ಟೋಫರ್ ಡಾಸ್ ಲೇಖಕರು. ಮೊದಲನೆಯದರಲ್ಲಿ ಲಾರಾ ಬೇಕರ್ ಅವರೂ ಇದ್ದರು. ಒಂದೇ ವರ್ಷ, ಒಂದೇ ಗುಂಪಿನಿಂದ ಬಂದದ್ದರಿಂದ ಎರಡನೆಯದು ಮೊದಲನೆಯದರ ಮುಂದುವರಿಕೆಯೆಂದು, ಅಂದರೆ ಮೊದಲು ‘ಎಷ್ಟು’ ಎಂದು ಅಳೆದು ಆಮೇಲೆ ‘ಯಾವುದು’ ಎಂದು ಪತ್ತೆ ಹಚ್ಚಿದರೆಂದು ಅನೇಕರು ತಿಳಿದುಕೊಂಡರು. ವಾಸ್ತವದಲ್ಲಿ ಇವೆರಡರ ವಿಧಾನ ಪೂರ್ತಿ ಬೇರೆ, ವಿಶ್ವಾಸಾರ್ಹತೆಯೂ ಬೇರೆ. ಮೊದಲನೆಯದರಲ್ಲಿ ಯಾರ ಡಿಎನ್‌ಎಯನ್ನೂ ಪರೀಕ್ಷಿಸಿರಲೇ ಇಲ್ಲ ಎಂಬುದನ್ನು ನಿಮ್ಮ ತಮ್ಮನಿಗೆ ಹೇಳಿದರೆ ಆತನಿಗೆ ಸ್ವಲ್ಪ ಸಮಾಧಾನವಾಗಬಹುದು.

ಅದು ಅವಳಿಗಳ ಅಧ್ಯಯನ. ಲಾಸ್ ಏಂಜಲೀಸ್‌ನ ಅವಳಿಗಳ ದಾಖಲೆಯನ್ನು ಮತದಾನದ ಸರ್ಕಾರಿ ದಾಖಲೆಯೊಂದಿಗೆ ಹೊಂದಿಸಿ, ಮತ ಹಾಕುವುದರಲ್ಲಿ ಕಾಣುವ ವ್ಯತ್ಯಾಸದ ಶೇ. 53ರಷ್ಟು ಆನುವಂಶಿಕ ವ್ಯತ್ಯಾಸಕ್ಕೆ ಸಲ್ಲುತ್ತದೆಂದು ಅದು ಅಂದಾಜಿಸಿತು. ಈ ಲೆಕ್ಕದ ತಳಹದಿ ಸರಳವಾದದ್ದು. ಒಂದೇ ಅಂಡದಿಂದ ಹುಟ್ಟಿದ ಅವಳಿಗಳ ಡಿಎನ್‌ಎ ಹೆಚ್ಚುಕಡಿಮೆ ಪೂರ್ತಿ ಒಂದೇ. ಎರಡು ಅಂಡಗಳಿಂದ ಹುಟ್ಟಿದ ಅವಳಿಗಳಲ್ಲಿ, ಬೇರೆ ಯಾವುದೇ ಒಡಹುಟ್ಟಿದವರಲ್ಲಿರುವಂತೆ, ಮನುಷ್ಯರಿಂದ ಮನುಷ್ಯರಿಗೆ ಬದಲಾಗುವ ಭಾಗದ ಸರಾಸರಿ ಅರ್ಧದಷ್ಟು ಮಾತ್ರ ಸಮಾನ. ಎರಡೂ ಬಗೆಯ ಜೋಡಿಗಳು ಒಂದೇ ಮನೆಯಲ್ಲಿ, ಒಂದೇ ವಯಸ್ಸಿನಲ್ಲಿ ಬೆಳೆಯುತ್ತವೆ. ಹಾಗಿದ್ದೂ ಮೊದಲ ಬಗೆಯವರು ಪರಸ್ಪರ ಹೆಚ್ಚು ಹೋಲುತ್ತಿದ್ದರೆ, ಆ ಹೆಚ್ಚುವರಿ ಹೋಲಿಕೆಯನ್ನು ವಂಶವಾಹಿಗಳ ಖಾತೆಗೆ ಬರೆಯಲಾಗುತ್ತದೆ. ವಿವರಣೆಗೆಂದು ನಾನೇ ಕಲ್ಪಿಸಿದ ಅಂಕಿಗಳನ್ನು ತೆಗೆದುಕೊಳ್ಳಿ: ಮೊದಲ ಬಗೆಯ ಅವಳಿಗಳ ಸಹಸಂಬಂಧ (ಹೋಲಿಕೆಯ ಅಳತೆ, ಪೂರ್ತಿ ಹೋಲಿಕೆಯಿದ್ದರೆ ಒಂದು) 0.70, ಎರಡನೆಯ ಬಗೆಯದು 0.45 ಎಂದಾದರೆ, ನಡುವಿನ ಅಂತರವಾದ 0.25ನ್ನು ಇಮ್ಮಡಿಗೊಳಿಸಿ ಆನುವಂಶಿಕ ಪಾಲು ಶೇ. 50 ಎನ್ನುತ್ತಾರೆ, 0.70ರಲ್ಲಿ ಉಳಿದ 0.20 ಮನೆಯ ಸಮಾನ ವಾತಾವರಣದ್ದು. ಒಂದಕ್ಕೆ ಕಡಿಮೆ ಬೀಳುವ 0.30 ಅವರವರ ಸ್ವಂತ ಅನುಭವ ಮತ್ತು ಅಳತೆಯ ದೋಷದ್ದು. ಇಂದಿನ ಸಂಶೋಧಕರು ಬಳಸುವ ಗಣಿತ ಇದಕ್ಕಿಂತ ಜಟಿಲವಾದರೂ ಒಳಗಿನ ತರ್ಕ ಇದೇ.

ಈ ತರ್ಕ ನಿಂತಿರುವುದು ಒಂದು ಊಹೆಯ ಮೇಲೆ: ಎರಡೂ ಬಗೆಯ ಅವಳಿಗಳಿಗೆ ಸಿಗುವ ಪರಿಸರ ಸಮಾನವಾಗಿದೆ ಎಂಬುದು. ಒಂದೇ ರೂಪದ ಅವಳಿಗಳನ್ನು ಜನ ಒಂದೇ ರೀತಿ ನಡೆಸಿಕೊಳ್ಳುತ್ತಾರೆ, ಅವರು ದೊಡ್ಡವರಾದ ಮೇಲೂ ಹೆಚ್ಚು ಒಡನಾಡುತ್ತಾರೆ, ಚುನಾವಣೆಯ ದಿನ ‘ನೀನು ಹೋಗಿ ಬಂದೆಯಾ?’ ಎಂದು ಒಬ್ಬರನ್ನೊಬ್ಬರು ಕೇಳುತ್ತಾರೆ; ಹೀಗಾಗಿ ಸಂಖ್ಯೆ ಕೊಂಚ ಉಬ್ಬಿರಬಹುದು ಎಂಬ ಆಕ್ಷೇಪಣೆಯಲ್ಲಿ ಹುರುಳಿದೆ. ಆದರೆ ಅವಳಿಗಳನ್ನು ಪೂರ್ತಿ ಬಿಟ್ಟು ಬೇರೆ ದಾರಿಯಿಂದ ಹೋದವರಿಗೂ ಬರಿಗೈ ಸಿಕ್ಕಿಲ್ಲ. ಸ್ವೀಡನ್ನಿನಲ್ಲಿ ದತ್ತು ಹೋದ ಮಕ್ಕಳ ಮತದಾನವನ್ನು ಅವರ ಹೆತ್ತವರ ಮತ್ತು ಸಾಕಿದವರ ಮತದಾನದೊಂದಿಗೆ ಹೋಲಿಸಿ 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇಬ್ಬರೊಂದಿಗೂ ನಂಟು ಕಾಣಿಸಿತು. ಮಗುವನ್ನು ಸಾಕದೆ ಹೆತ್ತಷ್ಟೇ ಇರುವವರ ಮತದಾನದೊಂದಿಗೂ ಮಗುವಿನ ಮತದಾನ ಹೊಂದುತ್ತದೆಂದರೆ ಹುಟ್ಟಿಗೆ ಮುಂಚಿನ ಅಂಶವೇನೋ ಇದೆ; ಸಾಕಿದವರೊಂದಿಗೂ ಹೊಂದುತ್ತದೆಂದರೆ ಮನೆಯ ಪಾಠವೂ ವ್ಯರ್ಥವಾಗಿಲ್ಲ. ಆದ್ದರಿಂದ ‘ಏನೋ ಇದೆ’ ಎಂಬಷ್ಟನ್ನು ನಾನು ಒಪ್ಪುತ್ತೇನೆ. ಈ ಮಟ್ಟಿಗೆ ನೀವು ಸರಿ.

ತೊಡಕು ಇರುವುದು ಆ ಶೇಕಡಾವಾರನ್ನು ಓದುವ ರೀತಿಯಲ್ಲಿ. ಶೇ. 53 ಎಂದರೆ ನಿಮ್ಮ ಮತದಾನದಲ್ಲಿ 53 ಪಾಲು ಜೀನ್‌ಗಳದ್ದು, ಮಿಕ್ಕ 47 ಪಾಲು ನಿಮ್ಮದು ಎಂದಲ್ಲ. ಅದು ಒಬ್ಬ ವ್ಯಕ್ತಿಯ ಕುರಿತ ಮಾತೇ ಅಲ್ಲ. ಒಂದು ನಿರ್ದಿಷ್ಟ ಕಾಲದ, ನಿರ್ದಿಷ್ಟ ಜನಸಮೂಹದಲ್ಲಿ ಜನರ ನಡುವೆ ಇರುವ ವ್ಯತ್ಯಾಸದ ವಿಭಜನೆ. ಕಾನೂನು, ಮತಗಟ್ಟೆಯ ದೂರ, ನೋಂದಣಿಯ ಸುಲಭ ಅಥವಾ ಕಷ್ಟ, ಇವು ಬದಲಾದರೆ ಆ ಸಂಖ್ಯೆಯೂ ಬದಲಾಗುತ್ತದೆ. ಆನುವಂಶಿಕ ಪಾಲು ದೊಡ್ಡದಾಗಿದ್ದರೆ ಬದಲಾವಣೆ ಅಸಾಧ್ಯ ಎಂಬ ತಪ್ಪು ಕಲ್ಪನೆಗೆ ಆಸ್ಟ್ರೇಲಿಯಾದ ಇತಿಹಾಸ ನೇರವಾದ ಉತ್ತರ ಕೊಡುತ್ತದೆ. ಅಲ್ಲಿ 1922ರ ಸಾರ್ವತ್ರಿಕ ಚುನಾವಣೆಯಲ್ಲಿ ಮತ ಹಾಕಿದವರು ಶೇ. 60ಕ್ಕಿಂತ ಕಡಿಮೆ; 1924ರಲ್ಲಿ ಮತದಾನವನ್ನು ಕಡ್ಡಾಯಗೊಳಿಸಲಾಯಿತು; 1925ರಲ್ಲಿ ಆ ಪ್ರಮಾಣ ಶೇ. 91ನ್ನು ದಾಟಿತು. ಮೂರೇ ವರ್ಷಗಳಲ್ಲಿ ಆ ಜನರ ವಂಶವಾಹಿಗಳಲ್ಲಿ ಗಮನಾರ್ಹವಾದ ಯಾವ ಬದಲಾವಣೆಯೂ ಆಗಿರಲು ಸಾಧ್ಯವಿಲ್ಲ. ಇಷ್ಟು ದೊಡ್ಡ ಕಾನೂನೂ ಬೇಕಿಲ್ಲ, ಒಂದು ಅಂಚೆ ಪತ್ರ ಸಾಕು: ಅಮೆರಿಕದ ಮಿಷಿಗನ್ ರಾಜ್ಯದಲ್ಲಿ 2006ರ ಪ್ರಾಥಮಿಕ ಚುನಾವಣೆಗೆ ಮುನ್ನ ಅಲನ್ ಗರ್ಬರ್, ಡೊನಾಲ್ಡ್ ಗ್ರೀನ್ ಮತ್ತು ಕ್ರಿಸ್ಟೋಫರ್ ಲಾರಿಮರ್ ನಡೆಸಿದ ಪ್ರಯೋಗದಲ್ಲಿ, ನೀವೂ ನಿಮ್ಮ ನೆರೆಯವರೂ ಹಿಂದೆ ಮತ ಹಾಕಿದ್ದೀರೋ ಇಲ್ಲವೋ ಎಂಬ ಪಟ್ಟಿಯಿದ್ದ ಪತ್ರವನ್ನು ಕೆಲವು ಮನೆಗಳಿಗೆ ಕಳುಹಿಸಲಾಯಿತು. ಪತ್ರ ಪಡೆಯದವರಲ್ಲಿ ಶೇ. 29.7 ಮಂದಿ ಮತ ಹಾಕಿದರೆ, ಪಡೆದವರಲ್ಲಿ ಶೇ. 37.8 ಮಂದಿ ಹಾಕಿದರು. ನೆರೆಯವರ ಕಣ್ಣಿಗೆ ಬೀಳುವ ಮುಜುಗರ ಯಾವ ವರ್ಣತಂತುವಿನ ಮೇಲಿದೆಯೋ ಗೊತ್ತಿಲ್ಲ, ಆದರೆ ಅದರ ಬಲವನ್ನು ಇಷ್ಟು ನಿಖರವಾಗಿ ಅಳೆಯಲು ಬಂದಿದೆ.

ಇನ್ನು ಎರಡನೆಯ ಪ್ರಬಂಧ, ‘ಎರಡು ಜೀನ್‌ಗಳು’. ಇಲ್ಲಿ ನಿಜಕ್ಕೂ ಅಣುಗಳಿವೆ, ಮತ್ತು ಇಲ್ಲಿಯೇ ನಿಮ್ಮ ತಮ್ಮ ಸರಿ. ಆಯ್ದುಕೊಂಡ ಒಂದು ಜೀನ್ ಎಂಎಒಎ. ಇದು ಎಕ್ಸ್ ವರ್ಣತಂತುವಿನ ಮೇಲಿದ್ದು, ಸಿರೊಟೋನಿನ್, ಡೋಪಮೈನ್ ಮುಂತಾದ ನರವಾಹಕಗಳನ್ನು, ಅಂದರೆ ನರಕೋಶಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕಗಳನ್ನು, ಒಡೆಯುವ ಕಿಣ್ವವನ್ನು ರೂಪಿಸುತ್ತದೆ. ಈ ಜೀನನ್ನು ಎಷ್ಟು ಓದಬೇಕೆಂದು ನಿಯಂತ್ರಿಸುವ ಭಾಗದಲ್ಲಿ 30 ಅಕ್ಷರಗಳ ಒಂದು ತುಣುಕು ಮತ್ತೆ ಮತ್ತೆ ಬರುತ್ತದೆ. ಅದು ಎಷ್ಟು ಬಾರಿ ಬಂದಿದೆ ಎಂಬುದರ ಮೇಲೆ ಕಿಣ್ವದ ಉತ್ಪಾದನೆ ಹೆಚ್ಚು ಅಥವಾ ಕಡಿಮೆ. ಇನ್ನೊಂದು 17ನೆಯ ವರ್ಣತಂತುವಿನ ಮೇಲಿರುವ, ಸಿರೊಟೋನಿನ್ನನ್ನು ನರಕೋಶಕ್ಕೆ ಮರಳಿ ಸೇರಿಸುವ ಸಾಗಣೆ ಪ್ರೋಟೀನಿನ ಜೀನ್. ಅದಕ್ಕೂ ಉದ್ದ ಮತ್ತು ಗಿಡ್ಡ ಎಂಬ ಎರಡು ರೂಪಗಳಿವೆ. ಹೆಚ್ಚು ಕಿಣ್ವ ತಯಾರಿಸುವ ಎಂಎಒಎ ರೂಪವುಳ್ಳವರು ಹೆಚ್ಚು ಮತ ಹಾಕುತ್ತಾರೆಂದೂ, ಎರಡನೆಯ ಜೀನಿನ ಪ್ರಭಾವ ಧಾರ್ಮಿಕ ಸಭೆಗಳಿಗೆ ಹೋಗುವವರಲ್ಲಿ ಎದ್ದು ಕಾಣುತ್ತದೆಂದೂ ಪ್ರಬಂಧ ಹೇಳಿತು.

ಕೇಳಲು ಅಂದವಾದ ಕಥೆ. ಆದರೆ ಆ ದಶಕದಲ್ಲಿ ಇದೇ ಎರಡು ಜೀನ್‌ಗಳು ಆಕ್ರಮಣಶೀಲತೆ, ಖಿನ್ನತೆ, ಆತಂಕ ಹೀಗೆ ಕೈಗೆ ಸಿಕ್ಕಿದ್ದಕ್ಕೆಲ್ಲ ಕಾರಣವಾಗಿದ್ದವು. ಇವಾನ್ ಚಾರ್ನಿ ಮತ್ತು ವಿಲಿಯಂ ಇಂಗ್ಲಿಷ್ 2012ರಲ್ಲಿ ಬರೆದ ವಿಮರ್ಶೆಯ ಮುಖ್ಯ ಬಾಣ ಇದೇ ಆಗಿತ್ತು: ಒಂದೇ ಜೀನ್ ಎಲ್ಲವನ್ನೂ ವಿವರಿಸುತ್ತದೆಂದರೆ ಅದು ಏನನ್ನೂ ವಿವರಿಸುತ್ತಿಲ್ಲ ಎಂದು ಅನುಮಾನಿಸಬೇಕಾಗುತ್ತದೆ. ಮೊದಲೇ ಒಂದೆರಡು ಜೀನ್‌ಗಳನ್ನು ಆರಿಸಿಕೊಂಡು, ಕೆಲವೇ ಸಾವಿರ ಜನರಲ್ಲಿ ಹುಡುಕುವ ಈ ವಿಧಾನದ ದೌರ್ಬಲ್ಯ ರಾಜ್ಯಶಾಸ್ತ್ರಕ್ಕೆ ಸೀಮಿತವಾಗಿರಲಿಲ್ಲ. ಖಿನ್ನತೆಗೆ ಸಂಬಂಧಿಸಿ ಹೀಗೆ ಪ್ರಸಿದ್ಧವಾಗಿದ್ದ 18 ಜೀನ್‌ಗಳನ್ನು ರಿಚರ್ಡ್ ಬಾರ್ಡರ್ ಮತ್ತು ಸಂಗಡಿಗರು ಲಕ್ಷಾಂತರ ಜನರ ಮಾಹಿತಿಯಲ್ಲಿ ಮರುಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ಯಾದೃಚ್ಛಿಕವಾಗಿ ಎತ್ತಿಕೊಂಡ ಜೀನ್‌ಗಳಿಗಿಂತ ಇವು ಹೆಚ್ಚೇನೂ ಮುಖ್ಯವಲ್ಲವೆಂದು ಕಂಡುಬಂತು. ಖಿನ್ನತೆಯಂಥ, ಮಿದುಳಿಗೆ ಎಷ್ಟೋ ಹತ್ತಿರದ ಸ್ಥಿತಿಗೇ ಒಂಟಿ ಜೀನಿನ ಕಥೆ ಉಳಿಯಲಿಲ್ಲ. ಸಾಲಿನಲ್ಲಿ ನಿಂತು ಮತ ಹಾಕುವ ಕ್ರಿಯೆಗೆ ಅದು ಉಳಿಯುತ್ತದೆಂದು ನಿರೀಕ್ಷಿಸಲು ನನಗೆ ಕಾರಣ ಕಾಣುವುದಿಲ್ಲ.

ಹಾಗಾದರೆ ಅವಳಿಗಳು ತೋರಿಸಿದ ಆ ಪಾಲು ಎಲ್ಲಿ ಅಡಗಿದೆ? ಈಗಿನ ತಿಳಿವಳಿಕೆಯ ಪ್ರಕಾರ ಅದು ಡಿಎನ್‌ಎಯ ಸಾವಿರಾರು ಸ್ಥಾನಗಳಲ್ಲಿ, ಒಂದೊಂದರಲ್ಲೂ ಲೆಕ್ಕಕ್ಕೆ ಬಾರದಷ್ಟು ಕಿರಿದಾಗಿ, ಚದುರಿದೆ. ಇದಕ್ಕೆ ಸಮೀಪದ ಉದಾಹರಣೆ ಶಿಕ್ಷಣದ ಅವಧಿ. 11 ಲಕ್ಷ ಜನರ ಮಾಹಿತಿ ಬಳಸಿದ 2018ರ ಅಧ್ಯಯನವೊಂದು ಶಿಕ್ಷಣದೊಂದಿಗೆ ನಂಟುಳ್ಳ 1,271 ಸ್ಥಾನಗಳನ್ನು ಗುರುತಿಸಿತು. ಎಲ್ಲವನ್ನೂ ಕೂಡಿಸಿ ಮಾಡಿದ ಅಂಕವೂ ಶಿಕ್ಷಣದ ವ್ಯತ್ಯಾಸದ ಶೇ. 11ರಿಂದ 13ರಷ್ಟನ್ನು ಮಾತ್ರ ವಿವರಿಸಿತು. ಈ ಶಿಕ್ಷಣದ ಅಂಕವು ಮತದಾನದೊಂದಿಗೂ ಅಲ್ಪ ಮಟ್ಟಿಗೆ ಹೊಂದುತ್ತದೆಂದು 2021ರಲ್ಲಿ ಬಂದ ಅಧ್ಯಯನಗಳು ತೋರಿಸಿವೆ. ಗಮನಿಸಿ, ಇಲ್ಲಿ ಜೀನ್ ಮತಗಟ್ಟೆಗೆ ನೇರವಾಗಿ ಹೋಗುತ್ತಿಲ್ಲ. ಶಾಲೆ, ಓದು, ಆದಾಯ, ಗೆಳೆಯರ ಬಳಗ, ಇವುಗಳನ್ನೆಲ್ಲ ಹಾದು ಹೋಗುತ್ತಿದೆ. ಅದರಲ್ಲೂ ಒಂದು ಸೊಗಸಾದ ತಿರುವಿದೆ. ಐಸ್‌ಲ್ಯಾಂಡಿನ ಕುಟುಂಬಗಳ ಮಾಹಿತಿಯನ್ನಾಧರಿಸಿದ 2018ರ ಇನ್ನೊಂದು ಅಧ್ಯಯನದಲ್ಲಿ, ತಂದೆತಾಯಿಯಲ್ಲಿದ್ದು ಮಗುವಿಗೆ ದಾಟದೆ ಉಳಿದ ಜೀನ್ ರೂಪಗಳೂ ಮಗುವಿನ ಶಿಕ್ಷಣವನ್ನು ಮುನ್ಸೂಚಿಸಿದವು. ಮಗುವಿನ ದೇಹದಲ್ಲಿಯೇ ಇಲ್ಲದ ಜೀನ್ ಮಗುವಿನ ಮೇಲೆ ಕೆಲಸ ಮಾಡುವುದು ತಂದೆತಾಯಿ ಕಟ್ಟಿದ ಮನೆಯ ಮೂಲಕವೇ ತಾನೇ? ಜೀನ್ ಮತ್ತು ಪರಿಸರ ಎಂದು ಎರಡು ಕಪಾಟು ಮಾಡಿ ಹಂಚುವ ನಮ್ಮ ಅಭ್ಯಾಸಕ್ಕೆ ಇಷ್ಟು ಚೊಕ್ಕವಾದ ಪೆಟ್ಟು ಬೇರೆ ಸಿಕ್ಕಲಾರದು.

ಪ್ರಶ್ನೆ: ಹಾಗಾದರೆ ಡಿಎನ್‌ಎ ಪರೀಕ್ಷೆಯಿಂದ ಒಬ್ಬ ಮತದಾರ ಮತಗಟ್ಟೆಗೆ ಬರುತ್ತಾನೋ ಇಲ್ಲವೋ ಎಂದು ಹೇಳಬಹುದೇ? ಪಕ್ಷಗಳು ಇದನ್ನು ಬಳಸಿಕೊಂಡರೆ?

ಉತ್ತರ: ಹೇಳಲಾಗದು. ಕಳೆದ ಚುನಾವಣೆಯಲ್ಲಿ ಆತ ಮತ ಹಾಕಿದ್ದನೇ ಎಂಬ ಒಂದೇ ಮಾಹಿತಿ ಈಗಿನ ಯಾವುದೇ ಆನುವಂಶಿಕ ಅಂಕಕ್ಕಿಂತ ಹೆಚ್ಚು ಉಪಯುಕ್ತ, ಮತ್ತು ಅದನ್ನು ಪಡೆಯಲು ಯಾರ ಎಂಜಲನ್ನೂ ಸಂಗ್ರಹಿಸಬೇಕಿಲ್ಲ. ಮೇಲಾಗಿ ಈ ಅಂಕಗಳನ್ನು ರೂಪಿಸಿರುವುದು ಬಹುಮಟ್ಟಿಗೆ ಯೂರೋಪಿಯನ್ ಮೂಲದವರ ಮಾಹಿತಿಯಿಂದ. ಬೇರೆ ಮೂಲದ ಜನರಿಗೆ ಅನ್ವಯಿಸಿದಾಗ ಅವುಗಳ ನಿಖರತೆ ಇನ್ನೂ ಕುಸಿಯುತ್ತದೆ. ಭಯ ಪಡಬೇಕಾದದ್ದು ಇಂಥ ಅಂಕ ನಿಜವಾಗಿ ಕೆಲಸ ಮಾಡುತ್ತದೆಂದಲ್ಲ, ಕೆಲಸ ಮಾಡುತ್ತದೆಂದು ಯಾರಾದರೂ ನಂಬಿ ಅದರ ಆಧಾರದ ಮೇಲೆ ಕೆಲವರನ್ನು ‘ಹೇಗೂ ಬರದವರು’ ಎಂದು ಕೈಬಿಟ್ಟರೆ ಏನಾಗಬಹುದೆಂದು.

ಪ್ರಶ್ನೆ: ಜೀವವಿಜ್ಞಾನದಿಂದ ರಾಜಕೀಯವನ್ನು ವಿವರಿಸುವ ಬದಲು, ಅಣುಜೀವವಿಜ್ಞಾನದ ತೀರ್ಮಾನಗಳಲ್ಲಿ ಸಾಮಾನ್ಯ ನಾಗರಿಕರು ಪಾಲ್ಗೊಂಡ ಉದಾಹರಣೆ ಇದೆಯೇ? ಸಂಶೋಧನೆಗೆ ವಿಷಯ ಹುಡುಕುತ್ತಿದ್ದೇನೆ.

ಉತ್ತರ: ಇದೆ, ಮತ್ತು ಎರಡು ವಿಭಾಗಗಳನ್ನೂ ಬಲ್ಲ ವಿದ್ಯಾರ್ಥಿಗೆ ನಾನು ಮೊದಲು ಸೂಚಿಸುವ ದಾರಿ ಇದೇ. ಜೀನಿನಿಂದ ಮತದವರೆಗಿನ ಕೊಂಡಿಗಳು ಇನ್ನೂ ಮಸುಕಾಗಿವೆ. ನಾಗರಿಕರಿಂದ ಪ್ರಯೋಗಾಲಯದವರೆಗಿನ ಕೊಂಡಿಗಳಿಗೆ ದಾಖಲೆಗಳೇ ಇವೆ.

ಬೇರೆ ಬೇರೆ ಜೀವಿಗಳ ಡಿಎನ್‌ಎ ತುಣುಕುಗಳನ್ನು ಜೋಡಿಸಿ ಬ್ಯಾಕ್ಟೀರಿಯಾದಲ್ಲಿ ಬೆಳೆಸುವ ತಂತ್ರ 1973ರ ಹೊತ್ತಿಗೆ ಕೈಗೂಡಿತ್ತು. ಅದರ ಅಪಾಯಗಳನ್ನು ಚರ್ಚಿಸಲು 1975ರ ಫೆಬ್ರುವರಿಯಲ್ಲಿ ಕ್ಯಾಲಿಫೋರ್ನಿಯಾದ ಅಸಿಲೊಮಾರ್‌ನಲ್ಲಿ ಸೇರಿದ ಸಮ್ಮೇಳನವನ್ನು ವಿಜ್ಞಾನಿಗಳ ಸ್ವಯಂ ನಿಯಂತ್ರಣದ ಮಾದರಿಯೆಂದು ಇಂದಿಗೂ ಹೊಗಳುತ್ತಾರೆ. ಅಲ್ಲಿದ್ದವರಲ್ಲಿ ಬಹುಪಾಲು ವಿಜ್ಞಾನಿಗಳೇ ಎಂಬುದನ್ನು ಹೊಗಳುವವರು ಅಷ್ಟಾಗಿ ಹೇಳುವುದಿಲ್ಲ. ಮರುವರ್ಷ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್ ನಗರದಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ ಇಂಥ ಪ್ರಯೋಗಗಳಿಗೆ ವಿಶೇಷ ಪ್ರಯೋಗಾಲಯ ಕಟ್ಟಲು ಹೊರಟಾಗ, ಮೇಯರ್ ಆಲ್ಫ್ರೆಡ್ ವೆಲುಚ್ಚಿ ವಿಷಯವನ್ನು ನಗರಸಭೆಯ ಬಹಿರಂಗ ವಿಚಾರಣೆಗೆ ಎಳೆದು ತಂದರು. 1976ರ ಬೇಸಿಗೆಯಲ್ಲಿ ನಗರಸಭೆ ಅಪಾಯಕಾರಿಯೆನಿಸಿದ ಪ್ರಯೋಗಗಳಿಗೆ ತಾತ್ಕಾಲಿಕ ತಡೆ ಹಾಕಿ, ಪರಿಶೀಲನೆಗೆ ನಾಗರಿಕರ ಮಂಡಳಿಯೊಂದನ್ನು ನೇಮಿಸಿತು. ಅದರಲ್ಲಿ ದಾದಿಯಾಗಿದ್ದ ಕ್ರೈಸ್ತ ಸನ್ಯಾಸಿನಿ, ಎಂಜಿನಿಯರ್, ವೈದ್ಯ, ಇಂಧನ ತೈಲದ ವ್ಯಾಪಾರಿ ಮುಂತಾದವರಿದ್ದರು. ಈ ತಂತ್ರದಲ್ಲಿ ಸ್ವತಃ ಕೆಲಸ ಮಾಡುವ ಒಬ್ಬರೂ ಇರಲಿಲ್ಲ.

ಹಲವು ವಿಜ್ಞಾನಿಗಳು ಇದನ್ನು ಮೂಢ ಭೀತಿಯ ಗೆಲುವೆಂದೇ ಭಾವಿಸಿದ್ದರು. ಆದರೆ ಮಂಡಳಿ ತಿಂಗಳುಗಟ್ಟಲೆ ಎರಡೂ ಪಕ್ಷದ ವಿಜ್ಞಾನಿಗಳನ್ನು ಕೂರಿಸಿ ಪ್ರಶ್ನಿಸಿ, 1977ರ ಜನವರಿಯಲ್ಲಿ ಕೊಟ್ಟ ವರದಿಯಲ್ಲಿ ಸಂಶೋಧನೆಗೆ ಅನುಮತಿ ನೀಡಬಹುದೆಂದಿತು. ಫೆಬ್ರುವರಿಯಲ್ಲಿ ಅದು ನಗರದ ಕಾನೂನಾಯಿತು. ಅನುಮತಿಯ ಜೊತೆಗೆ ಮಂಡಳಿ ಸೇರಿಸಿದ ಷರತ್ತುಗಳನ್ನು ಓದಿದರೆ, ಅವರು ವಿಷಯವನ್ನು ಎಷ್ಟರ ಮಟ್ಟಿಗೆ ಅರಗಿಸಿಕೊಂಡಿದ್ದರೆಂಬುದು ತಿಳಿಯುತ್ತದೆ. ಬಳಸುವ ಬ್ಯಾಕ್ಟೀರಿಯಾ ತಳಿ ಶುದ್ಧವಾಗಿದೆಯೇ, ಅದಕ್ಕೆ ಪ್ರತಿಜೈವಿಕಗಳನ್ನು ತಡೆದುಕೊಳ್ಳುವ ಶಕ್ತಿ ಇದೆಯೇ ಎಂದು ಪರೀಕ್ಷಿಸಬೇಕು. ಅದು ಪ್ರಯೋಗಾಲಯದ ಕೆಲಸಗಾರರ ಕರುಳಿಗೆ ಸೇರಿ ಬದುಕುಳಿಯುತ್ತಿದೆಯೇ ಎಂದು ನೋಡಬೇಕು. ಸಂಸ್ಥೆಯ ಸುರಕ್ಷತಾ ಸಮಿತಿಯಲ್ಲಿ ಪ್ರಾಧ್ಯಾಪಕರಷ್ಟೇ ಅಲ್ಲ, ತಂತ್ರಜ್ಞರ ಪ್ರತಿನಿಧಿಯೂ ಊರಿನವರೊಬ್ಬರೂ ಇರಬೇಕು.

ನಿಮ್ಮ ಸಂಶೋಧನಾ ಪ್ರಶ್ನೆಯನ್ನು ಇಲ್ಲಿಂದಲೇ ಹುಡುಕಬಹುದು. ಈ ಷರತ್ತುಗಳಲ್ಲಿ ಯಾವುವು ವಿಜ್ಞಾನಿಗಳ ಬಾಯಿಂದ ಬಂದವು, ಯಾವುವು ವಿಚಾರಣೆಯ ಕೋಣೆಯಲ್ಲಿ ಸಾಮಾನ್ಯರ ಪ್ರಶ್ನೆಗಳಿಂದ ಹುಟ್ಟಿದವು ಎಂಬುದನ್ನು ಬೇರ್ಪಡಿಸಿ ನೋಡಿ. ಕರುಳಿನ ಷರತ್ತಿನ ಹಿನ್ನೆಲೆ ಅರ್ಥವಾಗಬೇಕಾದರೆ, ಆ ಪ್ರಯೋಗಗಳಿಗೆ ಆರಿಸಿಕೊಂಡ ಬ್ಯಾಕ್ಟೀರಿಯಾ ಮನುಷ್ಯನ ಕರುಳಿನಲ್ಲಿ ಸಹಜವಾಗಿ ವಾಸಿಸುವ ಇ. ಕೋಲೈನ ಸಂಬಂಧಿ ಎಂಬುದು ಗೊತ್ತಿರಬೇಕು. ಆ ಭಾಗಕ್ಕೆ ನಿಮ್ಮ ತಮ್ಮನನ್ನು ಜೊತೆಗೆ ಕೂರಿಸಿಕೊಳ್ಳಿ.