ಕುಡುಗೋಲಿನಂತೆ ಬಾಗಿದ ಬುಟ್ಟಿ

ಪ್ರಶ್ನೆ: ಸ್ಪೇನ್ ದೇಶದ ಒಂದು ಚಿತ್ರದಲ್ಲಿ ಬಿಳಿ ಪ್ಯಾಂಟು, ಹೆಲ್ಮೆಟ್ ಧರಿಸಿದ ಆಟಗಾರರು ಬಾಗಿದ ಬುಟ್ಟಿಯನ್ನು ಬಲಗೈಗೆ ಕಟ್ಟಿಕೊಂಡು ಗೋಡೆಗೆ ಚೆಂಡು ಎಸೆಯುತ್ತಿದ್ದುದನ್ನು ನೋಡಿದೆ. ಇದು ಯಾವ ಆಟ? ಬ್ಯಾಟಿನ ಬದಲು ಬುಟ್ಟಿ ಏಕೆ?
— ಓದುಗರೊಬ್ಬರು, ಸಾಗರ

ಉತ್ತರ: ನೀವು ನೋಡಿದ್ದು ಸ್ಪೇನ್ ಮತ್ತು ಫ್ರಾನ್ಸ್ ಗಡಿಯಲ್ಲಿ, ಪಿರನೀಸ್ ಪರ್ವತಗಳ ಪಶ್ಚಿಮದ ಅಂಚಿನಲ್ಲಿ ನೆಲೆಸಿರುವ ಬಾಸ್ಕ್ ಜನರ ಆಟ. ಇದಕ್ಕೆ ಸೆಸ್ತಾ ಪುಂತಾ ಎಂದೂ ಹಬ್ಬದ ಸಂಭ್ರಮ ಎಂಬ ಅರ್ಥದ ಬಾಸ್ಕ್ ಪದಗಳಿಂದ ಹಾಯ್ ಅಲಾಯ್ ಎಂದೂ ಹೆಸರು. ಬುಟ್ಟಿಯನ್ನು ಬಾಸ್ಕ್ ಭಾಷೆಯಲ್ಲಿ ಶಿಸ್ತೆರಾ ಎನ್ನುತ್ತಾರೆ.

ಮೊದಲು ಈ ಆಟವನ್ನು ಬರಿಗೈಯಲ್ಲಿ ಅಥವಾ ಚರ್ಮದ ಕೈಗವಸು ತೊಟ್ಟು ಆಡುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ, ಫ್ರಾನ್ಸಿನ ಕಡೆಯ ಸೆನ್‌ಪೆರೆ ಎಂಬ ಊರಿನ ಗಾಂಚಿಕಿ ದಿಥುರ್ಬಿದೆ ಎಂಬ ಹುಡುಗ ಮನೆಬಳಕೆಯ ಬುಟ್ಟಿಯೊಂದನ್ನೇ ಕೈಗೆ ಹಿಡಿದು ಆಡಲು ತೊಡಗಿದನೆಂದು ಹೇಳುತ್ತಾರೆ. ಆಗಿನ ಬುಟ್ಟಿ ಗಿಡ್ಡದು. ಇಂದಿನ ಉದ್ದನೆಯ, ಆಳವಾದ ಬುಟ್ಟಿ ಬಳಕೆಗೆ ಬಂದದ್ದು 1888ರ ಸುಮಾರಿಗೆ, ದಕ್ಷಿಣ ಅಮೆರಿಕದ ಬ್ಯೂನಸ್ ಐರಿಸ್‌ನಲ್ಲಿ ಆಡುತ್ತಿದ್ದ ಮೆಲ್ಚಿಯೋರ್ ಕುರುಚಾಗೆ ಎಂಬವರಿಂದ. ಮಣಿಕಟ್ಟಿಗೆ ಪೆಟ್ಟಾಗಿದ್ದ ಅವರಿಗೆ ಚೆಂಡನ್ನು ತೋಳಿನ ಬಲದಿಂದ ಬೀಸುವ ಸಾಧನ ಬೇಕಾಗಿತ್ತು.

ಬುಟ್ಟಿಯನ್ನು ಹತ್ತಿರದಿಂದ ನೋಡಿದರೆ ಅದರ ಜಾಣತನ ಗೊತ್ತಾಗುತ್ತದೆ. ಚೆಸ್ಟ್‌ನಟ್ ಮರದ ಪಟ್ಟಿಯನ್ನು ಆವಿಯಲ್ಲಿ ಮೆತ್ತಗಾಗಿಸಿ, ಬಾಗಿಸಿ ಚೌಕಟ್ಟು ಮಾಡುತ್ತಾರೆ. ಅದೇ ಮರದ ತೆಳುವಾದ ಸೀಳುಗಳನ್ನು ಪಕ್ಕೆಲುಬಿನಂತೆ ಜೋಡಿಸಿ, ಅವುಗಳ ನಡುವೆ ಸಪೂರವಾದ ಬೆತ್ತದ ಎಳೆಗಳನ್ನು ಒತ್ತೊತ್ತಾಗಿ ಹೆಣೆಯುತ್ತಾರೆ. ಬುಡದ ಹೊರಬದಿಗೆ ಚರ್ಮದ ಕೈಗವಸನ್ನು ಹೊಲಿದಿರುತ್ತಾರೆ. ಆಟಗಾರ ಅದರೊಳಗೆ ಬೆರಳುಗಳನ್ನು ತೂರಿಸಿ, ಬುಟ್ಟಿ ಕಳಚಿಕೊಳ್ಳದಂತೆ ಉದ್ದನೆಯ ಪಟ್ಟಿಯಿಂದ ಮಣಿಕಟ್ಟಿಗೆ ಸುತ್ತಿ ಬಿಗಿಯುತ್ತಾನೆ. ಅಂಕಣದ ಹಿಂಭಾಗದಲ್ಲಿ ಆಡುವವನ ಬುಟ್ಟಿ ಮುಂಭಾಗದವನದ್ದಕ್ಕಿಂತ ಉದ್ದ, ಏಕೆಂದರೆ ಅವನು ಹೆಚ್ಚು ದೂರದಿಂದ ಎಸೆಯಬೇಕು. ಇದು ಇಂದಿಗೂ ಕೈಕೆಲಸದ ವಸ್ತು. ಇದನ್ನು ಹೆಣೆಯುವವರ ಕೌಶಲವಿಲ್ಲದೆ ಈ ಆಟವೇ ಇಲ್ಲವೆಂದು ನನಗೆ ಅನ್ನಿಸುತ್ತದೆ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ. ಬ್ಯಾಟು ಚೆಂಡನ್ನು ಒಂದೇ ಕ್ಷಣ ಮುಟ್ಟಿ ಬಿಡುತ್ತದೆ. ಬುಟ್ಟಿಯಾದರೋ ಚೆಂಡನ್ನು ತನ್ನ ತೋಡಿನೊಳಗೆ ಇಳಿಸಿಕೊಂಡು, ಬೀಸು ಮುಗಿಯುವ ತನಕ ತಳ್ಳುತ್ತಲೇ ಇರುತ್ತದೆ. ತೋಳಿನ ಉದ್ದಕ್ಕೆ ಬುಟ್ಟಿಯ ಉದ್ದವೂ ಸೇರುವುದರಿಂದ ಅದರ ತುದಿ ಕೈಗಿಂತ ಬಹಳ ವೇಗವಾಗಿ ತಿರುಗುತ್ತದೆ. ಚೆಂಡು ಬಾಗಿನ ಗುಂಟ ಹೊರಕ್ಕೆ ಜಾರಿ, ಆ ತುದಿಯ ವೇಗ ಪಡೆದು ಚಿಮ್ಮುತ್ತದೆ. ಕವಣೆಯ ತತ್ವವೂ ಇದೇ. ಆದರೆ ಚೆಂಡನ್ನು ಬುಟ್ಟಿಯಲ್ಲಿ ಉಳಿಸಿಕೊಂಡು ನಿಲ್ಲುವಂತಿಲ್ಲ. ಹಿಡಿಯುವುದೂ ಎಸೆಯುವುದೂ ಒಂದೇ ಓಟದ ಚಲನೆಯಾಗಿರಬೇಕು, ತಡೆದರೆ ಅಂಕ ಎದುರಾಳಿಗೆ.

ರಬ್ಬರಿನ ಮೇಲೆ ಮೇಕೆಚರ್ಮ ಹೊದಿಸಿದ ಆ ಗಟ್ಟಿ ಚೆಂಡಿನ ತೂಕ ಸುಮಾರು 125ರಿಂದ 140 ಗ್ರಾಂ. 1979ರ ಆಗಸ್ಟ್ 3ರಂದು ಅಮೆರಿಕದ ನ್ಯೂಪೋರ್ಟ್‌ನಲ್ಲಿ ಹೊಸೆ ರಾಮೋನ್ ಅರೆಯಿತಿಯೊ ಎಸೆದ ಚೆಂಡು ಗಂಟೆಗೆ 302 ಕಿಲೋಮೀಟರ್ ವೇಗ ಮುಟ್ಟಿತ್ತು. ಅಂಥ ಚೆಂಡು ತಲೆಗೆ ಬಡಿದರೆ ಪ್ರಾಣಕ್ಕೇ ಸಂಚಕಾರ. ನೀವು ಕಂಡ ಹೆಲ್ಮೆಟ್ 1960ರ ದಶಕದ ಕೊನೆಯಲ್ಲಿ ಬಳಕೆಗೆ ಬಂದದ್ದು ಈ ಕಾರಣದಿಂದಲೇ.

ಪ್ರಶ್ನೆ: ಈ ಆಟದಲ್ಲಿ ಎಡಗೈಯವರು ಏಕೆ ಕಾಣುವುದಿಲ್ಲ?
— ಅದೇ ಓದುಗರು

ಉತ್ತರ: ಫ್ರಾಂಟನ್ ಎಂಬ ಅಂಕಣಕ್ಕೆ ಮುಂದೆ, ಹಿಂದೆ ಮತ್ತು ಎಡಕ್ಕೆ ಮಾತ್ರ ಗೋಡೆಗಳಿವೆ. ಬಲಬದಿ ಪ್ರೇಕ್ಷಕರಿಗೆ ತೆರೆದಿರುತ್ತದೆ. ಎಡಗೈಗೆ ಬುಟ್ಟಿ ಕಟ್ಟಿದರೆ ಬೀಸುವಾಗ ಅದು ಎಡಗೋಡೆಗೆ ತಾಗುತ್ತದೆ. ಆದ್ದರಿಂದ ಎಡಗೈ ರೂಢಿಯವರೂ ಬಾಲ್ಯದಿಂದಲೇ ಬಲಗೈಯಲ್ಲಿ ಕಲಿಯುತ್ತಾರೆ.