ಬಾಲಣ್ಣನ ಕಿವಿ, ಬಾಲಣ್ಣನ ಕಣ್ಣು

ಓದುಗರ ಪತ್ರ: ನಮ್ಮೂರು ಅರಸೀಕೆರೆ. ಹಳೆಯ ನಟ ಟಿ.ಎನ್. ಬಾಲಕೃಷ್ಣ ನಮ್ಮೂರಿನವರು, ಅವರಿಗೆ ಕಿವಿ ಕೇಳಿಸ್ತಿರಲಿಲ್ಲ ಅಂತ ತಾತ ಹೇಳ್ತಾರೆ. ನನಗೆ ನಂಬಿಕೆ ಬರ್ತಿಲ್ಲ. ಹಾಸ್ಯಕ್ಕೆ ಟೈಮಿಂಗ್ ಮುಖ್ಯ ಅಲ್ವಾ? ಎದುರಿನವರ ಮಾತೇ ಕೇಳದೆ ನಗಿಸೋದು ಹೇಗೆ? ಈಗಂತೂ ಅವರ ಹೆಸರು ಸ್ಟುಡಿಯೋ ಜಾಗದ ಗಲಾಟೆಯಲ್ಲಿ ಮಾತ್ರ ಬರುತ್ತೆ. ಯಾಕೆ?

ಸಂಪಾದಕರ ಉತ್ತರ: ಮೊದಲು ತಾತನಿಗೆ ನಮ್ಮ ನಮಸ್ಕಾರ ತಿಳಿಸಿ. ಅವರು ಹೇಳಿದ್ದು ನಿಜ. ಬಾಲಣ್ಣನ ಕಿವಿ ತೀರಾ ಮಂದ. ಎದುರಿನವರ ತುಟಿ ನೋಡಿಯೇ ಮಾತು ಹಿಡಿಯುತ್ತಿದ್ದರು. ತಮ್ಮ ಮಾತಿನ ಜೊತೆಗೆ ಎದುರಿನವರ ಮಾತನ್ನೂ ಬಾಯಿಪಾಠ ಮಾಡಿಕೊಂಡು ಬರುತ್ತಿದ್ದರು. ಹೀಗೆ ಐನೂರಕ್ಕೂ ಜಾಸ್ತಿ ಸಿನಿಮಾ!

ಅವರು ಪಳಗಿದ್ದು ಕಂಪನಿ ನಾಟಕಗಳಲ್ಲಿ. ಅಲ್ಲಿ ನಟ ಮಾತು ಮರೆತರೆ ಪರದೆಯ ಮರೆಯಿಂದ ಒಬ್ಬರು ಮೆಲ್ಲಗೆ ಎತ್ತಿಕೊಡುತ್ತಿದ್ದರು. ಉಳಿದವರಿಗೆ ಅದೊಂದು ಧೈರ್ಯ. ಕಿವಿ ಕೇಳದವರಿಗೆ ಅದರಿಂದ ಏನು ಉಪಯೋಗ ಹೇಳಿ? ಇಡೀ ನಾಟಕ ತಲೆಯಲ್ಲಿರಲೇಬೇಕು. 1943ರ ‘ರಾಧಾರಮಣ’ದಿಂದ ಸಿನಿಮಾಕ್ಕೆ ಬಂದಾಗ ಈ ಅಭ್ಯಾಸವೂ ಜೊತೆಗೇ ಬಂತು ಅಂತ ನನ್ನ ಲೆಕ್ಕ.

ಟೈಮಿಂಗ್ ವಿಷಯಕ್ಕೆ ಬರೋಣ. ಅದು ಕಿವಿಯ ಕೆಲಸ ಅಂದುಕೊಂಡಿದ್ದೀರಿ. ನಾನೂ ಹಾಗೇ ಅಂದುಕೊಂಡಿದ್ದೆ. ಬಾಲಣ್ಣನ ಯಾವುದಾದರೂ ಹಳೆಯ ಚಿತ್ರ ಹಾಕಿ, ಐದು ನಿಮಿಷ ಸೌಂಡ್ ಪೂರ್ತಿ ತೆಗೆದು ನೋಡಿ. ಎದುರಿನವರು ಮಾತು ಮುಗಿಸುವ ಹೊತ್ತಿಗೆ ಬಾಲಣ್ಣನ ಮುಖ ಆಗಲೇ ಉತ್ತರ ಕೊಡಲು ಶುರು ಮಾಡಿರುತ್ತದೆ. ಮಾತು ಆಮೇಲೆ ಬರುತ್ತದೆ. ಎರಡು ಮನೆ ನಡುವೆ ಬೆಂಕಿ ಹಚ್ಚಿ ಚಳಿ ಕಾಯಿಸಿಕೊಳ್ಳುವ ಪಾತ್ರಗಳಲ್ಲಿ ಇದು ಎಷ್ಟು ಚೆನ್ನಾಗಿ ಒದಗಿತು ನೋಡಿ. ಹುಳಿ ಹಿಂಡುವವನು ಎದುರಿನವರ ಮುಖವನ್ನೇ ದಿಟ್ಟಿಸುತ್ತಾನೆ, ಅಲ್ವಾ? ಬಾಲಣ್ಣನಿಗೆ ಅದು ನಟನೆಯೂ ಹೌದು, ಅಗತ್ಯವೂ ಹೌದು.

ಹಾಗಂತ ಕಿತಾಪತಿ ಪಾತ್ರಗಳಷ್ಟೇ ಅಲ್ಲ. 1972ರ ‘ಬಂಗಾರದ ಮನುಷ್ಯ’ದಲ್ಲಿ ರಾಚೂಟಪ್ಪ ಆಗಿದ್ದು ಅವರೇ. ಕಥಾನಾಯಕ ರಾಜೀವನ ಬೆನ್ನಿಗೆ ನಿಲ್ಲುವ ಆ ಊರಿನ ಹಿರಿಯನನ್ನು ನೋಡಿದರೆ, ಈ ಮನುಷ್ಯನೇ ಅಷ್ಟು ಮನೆ ಮುರಿದವನು ಅಂತ ನಂಬಲು ಆಗುವುದಿಲ್ಲ. ನನ್ನನ್ನು ಕೇಳಿದರೆ ಅವರ ದೊಡ್ಡ ಪಾತ್ರ ಇದೇ. ತಾತ ಒಪ್ಪದಿದ್ದರೆ ಜಗಳಕ್ಕೆ ನಾನು ತಯಾರು.

ಇನ್ನು ಸ್ಟುಡಿಯೋ. ಆಗ ಕನ್ನಡ ಸಿನಿಮಾ ಮಾಡಬೇಕಾದರೆ ಹೆಚ್ಚಾಗಿ ಮದ್ರಾಸಿಗೆ ಹೋಗಬೇಕು. ಕೆಲಸ ಕಡಿಮೆಯಾದಾಗ ಕಲಾವಿದರೇ ತಂಡ ಕಟ್ಟಿಕೊಂಡು ಊರೂರಿನಲ್ಲಿ ನಾಟಕ ಆಡಿದರು. ಆಮೇಲೆ ರಾಜ್‌ಕುಮಾರ್, ನರಸಿಂಹರಾಜು, ಜಿ.ವಿ. ಅಯ್ಯರ್, ಬಾಲಕೃಷ್ಣ ನಾಲ್ವರೂ ಸೇರಿ 1960ರಲ್ಲಿ ‘ರಣಧೀರ ಕಂಠೀರವ’ ನಿರ್ಮಿಸಿದರು. ಸಿನಿಮಾ ಗೆದ್ದಿತು. ಆದರೆ ಬಾಲಣ್ಣನಿಗೆ ಅಷ್ಟಕ್ಕೇ ಸಮಾಧಾನ ಆಗಲಿಲ್ಲ. ಬೆಂಗಳೂರಿನಲ್ಲೇ ಸ್ಟುಡಿಯೋ ಬೇಕು ಅಂತ ಹಟ ಹಿಡಿದರು. ಸರ್ಕಾರ ಕೆಂಗೇರಿ ಕಡೆ 20 ಎಕರೆ ಕೊಟ್ಟಿತು. ಅದೇ ಅಭಿಮಾನ್ ಸ್ಟುಡಿಯೋ.

ಜಾಗ ಸಿಕ್ಕಿದರೆ ಸಾಕೇ? ಫ್ಲೋರ್ ಕಟ್ಟಬೇಕು, ಲೈಟು, ಕ್ಯಾಮೆರಾ ತರಬೇಕು, ವರ್ಷವಿಡೀ ಶೂಟಿಂಗ್ ನಡೆಯಬೇಕು. ಒಬ್ಬ ಪೋಷಕ ನಟನ ಸಂಪಾದನೆಗೆ ಅದು ಎಟುಕುವ ಮಾತಲ್ಲ. ಸ್ಟುಡಿಯೋ ಅವರನ್ನು ಹಣ್ಣು ಮಾಡಿತು. ಅಂದುಕೊಂಡಂತೆ ಅದು ಬೆಳೆಯುವ ಮೊದಲೇ, 1995ರಲ್ಲಿ ತೀರಿಕೊಂಡರು.

2009ರ ಡಿಸೆಂಬರ್‌ನಲ್ಲಿ ವಿಷ್ಣುವರ್ಧನ್ ಅಂತ್ಯಕ್ರಿಯೆ ಅಲ್ಲಿ ನಡೆಯಿತು. ಸ್ಮಾರಕ ಎಲ್ಲಿ ಅನ್ನುವ ಎಳೆದಾಟ ವರ್ಷಗಟ್ಟಲೆ ಸಾಗಿ, 2023ರಲ್ಲಿ ಮೈಸೂರಿನಲ್ಲಿ ಸ್ಮಾರಕ ತೆರೆಯಿತು. 2025ರ ಆಗಸ್ಟ್‌ನಲ್ಲಿ ಸ್ಟುಡಿಯೋದಲ್ಲಿದ್ದ ವಿಷ್ಣುವರ್ಧನ್ ಸಮಾಧಿಯನ್ನು ಕೆಡವಿದರು. ಅಭಿಮಾನಿಗಳ ಸಿಟ್ಟು ನ್ಯಾಯವೇ. ಆದರೆ ಆ ಗಲಾಟೆಯಲ್ಲಿ, ಆ ಜಾಗಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆದವರು ಯಾರು ಅನ್ನುವುದು ಹಿಂದೆ ಸರಿಯಿತು. ನೀವು ‘ಯಾಕೆ’ ಎಂದು ಕೇಳಿದ್ದಕ್ಕೆ ನನ್ನ ಉತ್ತರ ಇಷ್ಟೇ.

ತಾತ ಬಾಲಣ್ಣನ ನಾಟಕ ನೋಡಿದ್ದರೆ, ಅವರ ಬಾಯಲ್ಲೇ ಕೇಳಿ ಎರಡು ಪುಟ ಬರೆದು ಕಳಿಸಿ. ಪ್ರಕಟಿಸುತ್ತೇವೆ.