ಕರು ಮಾರಿದ್ದನ್ನು ಮಗನಿಗೆ ಹೇಳಲೇ, ಬೇಡವೇ?

ಅಜ್ಜನ ಮನೆಯ ಹೋರಿಗರುವನ್ನು ಮಾರಿದ್ದೀರಿ. ಎಂಟು ವರ್ಷದ ಮಗನಿಗೆ ‘ಬೇರೆ ಊರಿಗೆ ಮೇಯೋಕೆ ಹೋಗಿದೆ, ಬರುತ್ತೆ’ ಅಂದಿದ್ದೀರಿ. ರಜೆ ಮುಗಿಸಿ ಪುಣೆಗೆ ಬಂದ ಮೇಲೂ ಅವನು ದಿನಾ ಕೇಳುತ್ತಿದ್ದಾನೆ, ನಿಜ ಹೇಳಲೋ ಬೇಡವೋ ಅನ್ನುವುದು ನಿಮ್ಮ ಪ್ರಶ್ನೆ. ಹೇಳಿ. ಇವತ್ತೇ ಹೇಳಿ. ನನಗೂ ಇದೇ ಮಾತು ಹೇಳಿದ್ದರು. ಅದನ್ನು ನಂಬಿಕೊಂಡು ನಾಲ್ಕು ವರ್ಷ ಕಾದವಳು ನಾನು.

ನಾನು ಬೆಳೆದದ್ದು ಮುಂಬಯಿಯ ಗೋರೆಗಾಂವ್‌ನಲ್ಲಿ, ಆರೇ ಕಾಲೊನಿಯಲ್ಲಿ. ಪೇಟೆಯ ನಡುವೆ ಇದ್ದ ತಬೇಲಾಗಳನ್ನು, ಅಂದರೆ ಹಾಲಿನ ಎಮ್ಮೆಗಳ ಕೊಟ್ಟಿಗೆಗಳನ್ನು, ಹೊರಗೆ ಒಂದೇ ಕಡೆ ತರಲು 1949ರಲ್ಲಿ ಸರ್ಕಾರ ಮಾಡಿದ ಹಾಲಿನ ಕಾಲೊನಿ ಅದು. ಜಾಗ, ಕೊಟ್ಟಿಗೆ ಸರ್ಕಾರದ್ದು, ಎಮ್ಮೆಗಳು ಖಾಸಗಿ ಮಾಲೀಕರವು. ಕುಮಟಾ ಕಡೆಯಿಂದ ಬಂದ ಅಪ್ಪ ಅಂಥ ಒಬ್ಬ ಮಾಲೀಕರ ಹತ್ತಿರ ಲೆಕ್ಕ ಬರೆಯುತ್ತಿದ್ದರು. ಕೊಟ್ಟಿಗೆಯ ಹಿಂದೆಯೇ ನಮ್ಮ ಖೋಲಿ.

ನನ್ನ ಎಮ್ಮೆ ಮುರ್ರಾ ತಳಿಯದು. ಕೊಂಬು ಸುರುಳಿ ಸುತ್ತಿಕೊಂಡಿತ್ತೆಂದು ನಾನೇ ಅದಕ್ಕೆ ಜಿಲೇಬಿ ಅಂತ ಹೆಸರಿಟ್ಟಿದ್ದೆ. ಈದ ವಾರದಲ್ಲೇ ಅದರ ಕರು ಸತ್ತಿತು. ಎಮ್ಮೆ ಹಸುವಿನ ಹಾಗಲ್ಲ. ಹಸುವಿನ ಹಾಲು ಸ್ವಲ್ಪವಾದರೂ ಕೆಚ್ಚಲ ಕೆಳಭಾಗಕ್ಕೆ ಬಂದು ನಿಂತಿರುತ್ತದೆ, ಎಮ್ಮೆಯದು ಹೆಚ್ಚುಕಡಿಮೆ ಎಲ್ಲವೂ ಮೇಲೆಯೇ ಇರುತ್ತದೆ. ಕರು ಬಾಯಿ ಹಾಕಬೇಕು, ಇಲ್ಲವೇ ಬಳಕೆಯ ಕೈ, ಬಳಕೆಯ ದನಿ ಬೇಕು. ಹೆದರಿದರೆ ಹಾಲನ್ನು ಹಿಡಿದುಬಿಡುತ್ತದೆ. ಜಿಲೇಬಿ ಯಾರಿಗೂ ಹಾಲು ಬಿಡದೆ ಒದೆಯತೊಡಗಿತು. ಒಂದು ಮಧ್ಯಾಹ್ನ ಮಹಾನಗರಪಾಲಿಕೆಯ ಕನ್ನಡ ಶಾಲೆಯಿಂದ ಬಂದವಳು ಅದರ ಗಂಟಲಡಿ ಕೆರೆಯುತ್ತಾ ಮಗ್ಗಿ ಬಾಯಿಪಾಠ ಮಾಡುತ್ತಿದ್ದೆ. ಕಿವಿ ಹಿಂದಕ್ಕೆ ಬಿಟ್ಟು, ಕಣ್ಣು ಅರೆಮುಚ್ಚಿ ಮೆಲುಕು ಹಾಕತೊಡಗಿತು. ಹಾಲು ಕರೆಯುವ ಭಯ್ಯಾ ಸದ್ದಿಲ್ಲದೆ ಬಂದು ಬಾಲ್ದಿ ಇಟ್ಟು ಕೂತರು. ಬಾಲ್ದಿಯ ತಳಕ್ಕೆ ಬಿದ್ದ ಮೊದಲ ಧಾರೆಯ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಆಮೇಲೆ ದಿನಾ ಅದೇ. ಎರಡರಿಂದ ಶುರು ಮಾಡಿದರೆ ಐದರ ಮಗ್ಗಿ ಮುಗಿಯುವ ಹೊತ್ತಿಗೆ ಹಾಲು ಇಳಿದಿರುತ್ತಿತ್ತು. ಹಿಂಡಿಯ ವಾಸನೆಯ ಬಿಸಿ ಉಸಿರು ನನ್ನ ಹೊಟ್ಟೆಗೆ ಬಡಿಯುತ್ತಿತ್ತು. ಮರಳುಕಾಗದದಂಥ ನಾಲಿಗೆಯಿಂದ ಮೊಣಕೈ ನೆಕ್ಕಿ ನೆಕ್ಕಿ ಕೆಂಪು ಮಾಡುತ್ತಿತ್ತು.

ಹತ್ತು ತಿಂಗಳಿಗೆ ಹಾಲು ಬತ್ತಿತು, ಗಬ್ಬವೂ ಆಗಿರಲಿಲ್ಲ. ನಗರದ ತಬೇಲಾದಲ್ಲಿ ಹುಲ್ಲು, ಹಿಂಡಿ ಎಲ್ಲವೂ ದುಡ್ಡು ಕೊಟ್ಟು ತರುವಂಥದ್ದು. ಬತ್ತಿದ ಎಮ್ಮೆಯನ್ನು ವರ್ಷಗಟ್ಟಲೆ ಸಾಕುವುದಕ್ಕಿಂತ ಅದನ್ನು ಮಾರಿ ಹೊಸದಾಗಿ ಈದದ್ದನ್ನು ತರುವುದೇ ಮಾಲೀಕರಿಗೆ ಅಗ್ಗ. ಈ ಲೆಕ್ಕ ಒಂಬತ್ತು ವರ್ಷದವಳಿಗೆ ಗೊತ್ತಿರಲಿಲ್ಲ.

ಶಾಲೆಯಿಂದ ಬಂದಾಗ ಜಾಗ ಖಾಲಿ. ‘ಊರಿಗೆ ಮೇಯೋಕೆ ಕಳಿಸಿದ್ದೇವೆ ಮಗಾ, ಮಳೆಗಾಲ ಮುಗೀಲಿ, ಬರುತ್ತೆ’ ಅಂದರು ಅಪ್ಪ. ನಾನು ನಂಬಿದೆ, ಯಾಕೆಂದರೆ ಅದರ ಕಣ್ಣಿ ಗೂಟದಲ್ಲೇ ನೇತಾಡುತ್ತಿತ್ತು. ಬರುವುದಿಲ್ಲವಾದರೆ ಹಗ್ಗ ಯಾಕೆ ಇಟ್ಟುಕೊಳ್ಳುತ್ತಾರೆ? ಮಾರಿದ ಎಮ್ಮೆಯ ಜೊತೆ ಕಣ್ಣಿ ಕೊಡಬಾರದು, ಕೊಟ್ಟರೆ ಕೊಟ್ಟಿಗೆಯ ಲಕ್ಷ್ಮಿಯೂ ಹೋಗುತ್ತಾಳೆ ಎಂಬ ನಂಬಿಕೆ ಆ ತಬೇಲಾದಲ್ಲಿತ್ತು ಎಂದು ತಿಳಿದದ್ದು ಎಷ್ಟೋ ಆಮೇಲೆ. ಹೊಸ ಎಮ್ಮೆಗಳ ಲಾರಿ ಬಂದಾಗಲೆಲ್ಲ ಓಡಿ ಹೋಗಿ ಕೊಂಬು ನೋಡುತ್ತಿದ್ದೆ. ನಾಲ್ಕು ಮಳೆಗಾಲ ಕಳೆಯಿತು.

ಹದಿಮೂರಕ್ಕೆ ಅಪ್ಪ ಹಳೆಯ ಲೆಕ್ಕದ ಪುಸ್ತಕ ಕೊಟ್ಟು ಕೂಡಿಸಲು ಕೂರಿಸಿದ್ದರು. ಅದರಲ್ಲಿ ಆ ತಾರೀಖು ಇತ್ತು. ಅಪ್ಪನ ದುಂಡು ಅಕ್ಷರ: ‘ಬತ್ತಿದ್ದು 1, ಕಸಾಯಿಗೆ.’ ಪಕ್ಕದಲ್ಲಿ ಮೊತ್ತ. ಅಳು ಬಂತು ನಿಜ, ಆದರೆ ಅದಕ್ಕಿಂತ ಮೊದಲು ಬಂದದ್ದು ನಾಚಿಕೆ. ಲಾರಿಯ ಹಿಂದೆ ನಾನು ಓಡುವುದನ್ನು ನೋಡುತ್ತಿದ್ದವರಿಗೆಲ್ಲ ನಿಜ ಗೊತ್ತಿತ್ತು. ಮರುವರ್ಷ ಕುಮಟಾದಲ್ಲಿ ಅಜ್ಜಿ ಹಾಸಿಗೆ ಹಿಡಿದಾಗ ‘ಹುಷಾರಾಗಿದ್ದಾಳೆ’ ಎಂದು ಅಪ್ಪ ಹೇಳಿದ್ದನ್ನು ನಾನು ನಂಬಲೇ ಇಲ್ಲ. ಅಜ್ಜಿ ನಿಜವಾಗಿಯೂ ಚೇತರಿಸಿಕೊಂಡಿದ್ದಳು.

ವಯಸ್ಸಾದ ಮೇಲೆ ಅಪ್ಪ ಇನ್ನೊಂದು ಸಂಗತಿ ಹೇಳಿದರು. ಆ ದಿನ ಜಿಲೇಬಿ ಲಾರಿ ಹತ್ತಲು ಒಪ್ಪಲಿಲ್ಲವಂತೆ, ನಾಲ್ಕು ಜನ ತಳ್ಳಿದರೂ ಕದಲಲಿಲ್ಲವಂತೆ. ‘ಬಿಟಿಯಾನ, ನಿಮ್ಮ ಮಗಳನ್ನ ಕರೆಸಿ, ಅವಳು ಕರೆದರೆ ಹತ್ತುತ್ತೆ’ ಅಂದರಂತೆ ಭಯ್ಯಾ. ಅಪ್ಪ ಕರೆಸಲಿಲ್ಲ. ಅದಕ್ಕೆ ನಾನು ಅವರಿಗೆ ಇಂದಿಗೂ ಋಣಿ. ಹಾಗಾಗಿ ಕರುವನ್ನು ಮಗನ ಎದುರಿಗೇ ಕಳಿಸಬೇಕಿತ್ತು ಎಂದು ನಾನು ಹೇಳುವುದಿಲ್ಲ. ಆದರೆ ಆ ಸಂಜೆ ಅಪ್ಪ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಮಾರಿದೆವು ಎಂದು ಹೇಳಬಹುದಿತ್ತು. ನಾನು ಕಿರುಚುತ್ತಿದ್ದೆ, ಅವರನ್ನು ಹೊಡೆಯುತ್ತಿದ್ದೆ. ಎಷ್ಟೋ ದಿನದ ಮೇಲೆ ಅವರ ಪಕ್ಕದಲ್ಲೇ ಮಲಗುತ್ತಿದ್ದೆ.

ನಿಮ್ಮ ಮಗನಿಗೆ ಎಂಟು. ಸತ್ತವರು ತಿರುಗಿ ಬರುವುದಿಲ್ಲ ಎಂಬುದು ಸಾಮಾನ್ಯವಾಗಿ ಐದರಿಂದ ಏಳು ವರ್ಷದೊಳಗೇ ಮಕ್ಕಳಿಗೆ ತಿಳಿಯುತ್ತದೆ, ಮಾರಿದ್ದು ಬರುವುದಿಲ್ಲ ಎಂಬುದೂ ಅವನಿಗೆ ಅರ್ಥವಾಗುತ್ತದೆ. ‘ನಾವು ಮಾರಿದೆವು, ನಿನಗೆ ಸುಳ್ಳು ಹೇಳಿದೆವು, ತಪ್ಪಾಯ್ತು’ ಎಂದು ಮೊದಲು ಹೇಳಿ. ಕಾರಣ ಆಮೇಲೆ: ಉಳುಮೆಗೆ ಟ್ರ್ಯಾಕ್ಟರ್ ಬಂದ ಮೇಲೆ ಹೋರಿಗೆ ಕೆಲಸವಿಲ್ಲ, ಮೇವಿಗೆ ಖರ್ಚಿದೆ. ಎಲ್ಲಿದೆ ಎಂದು ಕೇಳೇ ಕೇಳುತ್ತಾನೆ. ಮೊದಲೇ ಅಜ್ಜನಿಗೆ ಫೋನ್ ಮಾಡಿ ವಿಚಾರಿಸಿಕೊಳ್ಳಿ. ಸಾಕುವವರು ಕೊಂಡಿದ್ದರೆ ಒಮ್ಮೆ ಕರೆದುಕೊಂಡು ಹೋಗಿ ತೋರಿಸಿ. ದಲ್ಲಾಳಿಗೆ ಕೊಟ್ಟಿದ್ದರೆ ‘ಯಾರೋ ಒಳ್ಳೆಯವರ ಮನೆಯಲ್ಲಿದೆ’ ಎಂದು ಮತ್ತೊಂದು ಕತೆ ಕಟ್ಟಬೇಡಿ, ದಲ್ಲಾಳಿಗೆ ಕೊಟ್ಟೆವು ಎಂದೇ ಹೇಳಿ. ಅದೇ ಉಸಿರಿನಲ್ಲಿ ‘ಬೇರೆ ಕರು ತರೋಣ’ ಎನ್ನಬೇಡಿ. ಕೆಲವು ದಿನ ಹಾಲು ಬೇಡ ಅಂದರೂ ಅನ್ನಬಹುದು. ಲೆಕ್ಕದ ಪುಸ್ತಕ ನೋಡಿದ ಮೇಲೆ ನಾನು ಎರಡು ತಿಂಗಳು ಹಾಲು ಮುಟ್ಟಲಿಲ್ಲ, ಆಯಿ ಏನೂ ಕೇಳದೆ ಕರಿ ಚಹಾ ಕೊಡುತ್ತಿದ್ದಳು.

ಫೋನ್ ಮಾಡಿದಾಗ ಇನ್ನೊಂದು ಮಾತು ಕೇಳಿ. ಆ ಕರುವಿನ ಕಣ್ಣಿಯನ್ನು ಅಜ್ಜ ಇಟ್ಟುಕೊಂಡಿದ್ದರೆ ಪುಣೆಗೆ ತರಿಸಿ, ನಿಜ ಹೇಳಿದ ಮೇಲೆ ಅವನ ಕೈಗೆ ಕೊಡಿ.